ಮೆಡಿಕಲ್, ಲಾ, ಸೈಕಾಲಜಿ ವಿದ್ಯಾರ್ಥಿಗಳು ಒಂದೇ ಮೇಜಿಗೆ: ಶುರು ಮಾಡುವುದು ಹೇಗೆ?

"ರೋಗಿ ಸಹಕರಿಸುತ್ತಿಲ್ಲ."

ಕೇಸ್ ಶೀಟಿನಲ್ಲಿ ಇಷ್ಟೇ ಇತ್ತು. ಅಭ್ಯಾಸಕ್ಕೆ ಅಂತ ನಾವೇ ಕಟ್ಟಿದ ಕೇಸು ಅದು. ಮೆಡಿಕಲ್ ಓದುವ ಹುಡುಗಿ ಆ ಸಾಲು ಓದಿ ಮುಂದಕ್ಕೆ ಹೋದಳು. ಅವಳಿಗೆ ಅದು ವಾರ್ಡಿನಲ್ಲಿ ದಿನಾ ಕಾಣುವ ಸಾಲು. ಲಾ ಓದುವ ಹುಡುಗ ಅಲ್ಲೇ ನಿಂತ. "ಸಹಕರಿಸುತ್ತಿಲ್ಲ ಅಂದ್ರೆ ಏನು? ಬೇಡ ಅಂದ್ರಾ? ಬೇಡ ಅನ್ನೋ ಹಕ್ಕು ಅವರಿಗಿದೆ ಅಲ್ವಾ?" ಸೈಕಾಲಜಿಯವಳು ಇನ್ನೊಂದು ಕೇಳಿದಳು. "ಅವರಿಗೆ ಯಾವುದರ ಭಯ ಅಂತ ಯಾರಾದ್ರೂ ವಿಚಾರಿಸಿದ್ರಾ?" ಶೀಟಿನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ. ಅವತ್ತಿನ ಒಂದೂವರೆ ಗಂಟೆ ಪೂರ್ತಿ ಆ ಎರಡು ಪದಗಳ ಮೇಲೇ ಹೋಯಿತು.

ಮೂರು ವಿಭಾಗದವರು ಸೇರಿ ಕಲಿಯುವುದು ಅಂದ ಕೂಡಲೇ ಜನ ಸೆಮಿನಾರ್ ಹಾಲ್ ಹುಡುಕುತ್ತಾರೆ, ಮೂವರು ಭಾಷಣಕಾರರನ್ನು ಕರೆಯುತ್ತಾರೆ. ಅದರಿಂದ ಆಗುವ ಕಲಿಕೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇಂಥ ಕಲಿಕೆಯ ಬಗ್ಗೆ ಒಂದು ಚೌಕಟ್ಟು ಕೊಟ್ಟಿತು. ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು ಅನ್ನುವುದು ಅದರ ತಿರುಳು. ನನ್ನ ಅನುಭವದಲ್ಲಿ ಇದು ಆಗುವುದು ಒಂದೇ ಹಾಳೆಯನ್ನು ಮೂವರೂ ಓದಿ, "ಈ ಪದಕ್ಕೆ ನಿಮ್ಮಲ್ಲಿ ಏನರ್ಥ?" ಅಂತ ಕೇಳಲು ಶುರು ಮಾಡಿದಾಗ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಗೆ ಜಾಗ ಮಾಡಿಕೊಡುವ ದಾರಿಗಳು.

1. ಆರು ಜನ ಸಾಕು

ಪ್ರತಿ ವಿಭಾಗದಿಂದ 2 ಜನ, ಒಟ್ಟು 6. ಹೆಚ್ಚೆಂದರೆ 9. ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ಒಬ್ಬೊಬ್ಬರೇ ಸಾಲದು. ಒಬ್ಬನೇ ಇದ್ದರೆ ಅವನು ಇಡೀ ವೃತ್ತಿಯ ಪರ ಉತ್ತರ ಕೊಡಬೇಕಾಗುತ್ತದೆ. ಇಬ್ಬರಿದ್ದರೆ ಅವರವರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ, "ಓ, ಡಾಕ್ಟರುಗಳೂ ಎಲ್ಲರೂ ಒಂದೇ ಥರ ಯೋಚಿಸಲ್ಲ" ಅಂತ ಉಳಿದವರಿಗೆ ಗೊತ್ತಾಗುತ್ತದೆ. ಮೊದಲ ವರ್ಷದವರಿಗಿಂತ ಒಂದೆರಡು ವರ್ಷ ಓದಿದವರು ಒಳ್ಳೆಯದು. ಹೇಳುವುದಕ್ಕೆ ಕೈಯಲ್ಲಿ ಸ್ವಲ್ಪ ಸರಕು ಇರಬೇಕು.

ಪ್ರತಿ ವಿಭಾಗದಿಂದ ಒಬ್ಬ ಶಿಕ್ಷಕರನ್ನು ಹಿಂದೆ ಇಟ್ಟುಕೊಳ್ಳಿ. ಅವರು ಪ್ರತಿ ಸಲ ಬರಬೇಕಿಲ್ಲ. ತಪ್ಪು ತಿಳಿದಿದ್ದನ್ನು ತಿದ್ದಲು, ಕಷ್ಟದ ವಿಷಯ ಬಂದಾಗ ಕೇಳಲು ಇದ್ದರೆ ಸಾಕು.

ಸಮಯದ ವಿಷಯದಲ್ಲೇ ಎಷ್ಟೋ ಗುಂಪು ಮುರಿಯುತ್ತವೆ. ಮೆಡಿಕಲ್‌ನವರಿಗೆ ಪೋಸ್ಟಿಂಗ್, ಲಾದವರಿಗೆ ಮೂಟ್ ಕೋರ್ಟ್ (ಅಣಕು ಕೋರ್ಟ್) ಸ್ಪರ್ಧೆ, ಸೈಕಾಲಜಿಯವರಿಗೆ ಫೀಲ್ಡ್ ವರ್ಕ್. ಮೂರರ ಪರೀಕ್ಷೆಯ ದಿನಗಳನ್ನು ಒಂದೇ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಿ. ಉಳಿದ ಜಾಗದಲ್ಲಿ 15 ದಿನಕ್ಕೊಮ್ಮೆ 90 ನಿಮಿಷ. ನಾಲ್ಕು ಜನ ಬಂದರೂ ನಡೆಸಿ, ಆದರೆ ಮೂರೂ ವಿಭಾಗದಿಂದ ಒಬ್ಬರಾದರೂ ಇರಲೇಬೇಕು.

ಇನ್ನೊಂದು ಮಾತು. ಸಭೆ ನಡೆಸುವ ಕೆಲಸ ಸರದಿಯಲ್ಲಿ ಬರಲಿ. ಇಲ್ಲದಿದ್ದರೆ ಕಾಯಿಲೆಯ ಮಾತು ಬಂದ ಕೂಡಲೇ ಎಲ್ಲರೂ ಮೆಡಿಕಲ್‌ನವರ ಮುಖ ನೋಡುತ್ತಾರೆ, ಸೈಕಾಲಜಿಯವರು ಕೊನೆಗೆ ಉಳಿಯುತ್ತಾರೆ. ಬೇರೆ ಬೇರೆ ಗುಂಪಿನವರು ಸುಮ್ನೆ ಒಟ್ಟಿಗೆ ಕೂತರೆ ಪೂರ್ವಗ್ರಹ ಹೋಗುವುದಿಲ್ಲ, ಸಮಾನ ಸ್ಥಾನ ಮತ್ತು ಒಂದೇ ಗುರಿ ಬೇಕು ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಆರು ಜನರ ಗುಂಪಿಗೂ ಅದು ಅಷ್ಟೇ ನಿಜ.

2. ಗುಟ್ಟಿನ ಮಾತು ಮೊದಲೇ ಆಗಲಿ

ಕೇಸು ತೆರೆಯುವ ಮೊದಲು ಒಂದು ಪುಟದ ಒಪ್ಪಂದ ಬರೆದು ಎಲ್ಲರೂ ಸಹಿ ಹಾಕಿ. ಮೊದಲ ಮೂರು ನಾಲ್ಕು ತಿಂಗಳು ನಿಜವಾದ ರೋಗಿ, ನಿಜವಾದ ಕಕ್ಷಿದಾರರ ಮಾತು ಬೇಡ. ಹೆಸರು ತೆಗೆದರೂ ಬೇಡ. ವಯಸ್ಸು, ಕೆಲಸ, ಕಾಯಿಲೆ ಮೂರು ಸೇರಿದರೆ ಆ ಮನುಷ್ಯ ಯಾರು ಅಂತ ಗುರುತು ಹತ್ತುವುದು ಸುಲಭ.

ಇಷ್ಟು ಬಿಗಿ ಯಾಕೆ? ಮೂರು ವೃತ್ತಿಗಳೂ ಗುಟ್ಟು ಕಾಪಾಡುತ್ತವೆ, ಆದರೆ ಮೂರರ ನಿಯಮ ಬೇರೆ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಅನುಮಾನ ಬಂದರೆ ವೈದ್ಯರು ತಿಳಿಸಲೇಬೇಕು ಅಂತ ಹಲವು ದೇಶಗಳ ಕಾನೂನು ಹೇಳುತ್ತದೆ. ಕಕ್ಷಿದಾರ ತಾನು ಹಿಂದೆ ಮಾಡಿದ್ದನ್ನು ವಕೀಲರ ಹತ್ತಿರ ಹೇಳಿಕೊಂಡರೆ ವಕೀಲರು ಸಾಮಾನ್ಯವಾಗಿ ಬಾಯಿ ಬಿಡುವಂತಿಲ್ಲ. ಅದೇ ಮಾತು ಮೂರನೆಯವರ ಎದುರು ಆಡಿದರೆ ಆ ರಕ್ಷಣೆಯೇ ಹೋಗುವ ಅಪಾಯ ಉಂಟು. ಅಂದರೆ ಒಂದೇ ಕಥೆ ಕೇಳಿದ ಮೂವರಲ್ಲಿ ಒಬ್ಬರು ಹೇಳಲೇಬೇಕು, ಇನ್ನೊಬ್ಬರು ಹೇಳಲೇಬಾರದು. ನಿಮ್ಮಲ್ಲಿನ ನಿಯಮ ಏನು ಅಂತ ಮೂರು ವಿಭಾಗದವರೂ ಹುಡುಕಿ ಬರೆದು ತರುವುದೇ ಮೊದಲ ಸಭೆಯ ಮನೆಗೆಲಸ.

ಆ ಸಭೆಗೆ ಟರಾಸಾಫ್ ಪ್ರಕರಣ ಇಟ್ಟುಕೊಳ್ಳಿ. 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಮನಶ್ಶಾಸ್ತ್ರಜ್ಞರ ಹತ್ತಿರ, ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಅಂದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಸರಿಯಾಗಿದ್ದಾನೆ ಅಂತ ಬಿಟ್ಟರು. ಟರಾಸಾಫ್ ಅನ್ನುವ ಆ ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಆ ವರ್ಷವೇ ಅವನು ಅವಳನ್ನು ಕೊಂದ. ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡಲು ಸೂಕ್ತ ಎಚ್ಚರಿಕೆ ವಹಿಸುವುದು ಚಿಕಿತ್ಸಕರ ಕರ್ತವ್ಯ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ಈ ಕೇಸು ಓದಿದ ಮೇಲೆ ಗುಟ್ಟು ಅನ್ನುವುದು ಬರೀ ನಿಯಮವಾಗಿ ಉಳಿಯುವುದಿಲ್ಲ. "ನಾನಾಗಿದ್ರೆ ಏನು ಮಾಡ್ತಿದ್ದೆ?" ಅಂತ ಎಲ್ಲರೂ ತಮ್ಮನ್ನೇ ಕೇಳಿಕೊಳ್ಳುತ್ತಾರೆ.

3. ಒಂದು ಕೇಸು, ಮೂರು ಹಾಳೆ

ಸಭೆ ಹೀಗೆ ನಡೆಯಲಿ. ಮೊದಲ 10 ನಿಮಿಷ ಮೌನವಾಗಿ ಓದು. ಮುಂದಿನ 15 ನಿಮಿಷ ಪ್ರತಿ ವಿಭಾಗದವರು ಬೇರೆ ಬೇರೆ ಕೂತು ಬರೆಯಬೇಕು. ಮೂರೇ ಪ್ರಶ್ನೆ: ಇಲ್ಲಿ ನನಗೆ ಕಂಡಿದ್ದೇನು? ನನಗೆ ಇನ್ನೂ ಏನು ಗೊತ್ತಾಗಬೇಕು? ಅದನ್ನು ಈ ಮೇಜಿನಲ್ಲಿ ಯಾರನ್ನು ಕೇಳಲಿ? ಆಮೇಲೆ ಒಂದೊಂದು ಹಾಳೆ ಜೋರಾಗಿ ಓದುವುದು. ಓದುವಾಗ ಯಾರೂ ನಡುವೆ ಬಾಯಿ ಹಾಕಬಾರದು. ಚರ್ಚೆ ಅದಾದ ಮೇಲೆ. ಬರೆಯುವ ಹಂತವನ್ನು ದಯವಿಟ್ಟು ಬಿಡಬೇಡಿ. ಬರೆಯದೇ ಮಾತಿಗಿಳಿದರೆ ಮೊದಲು ಮಾತಾಡಿದವರ ದಾರಿಯಲ್ಲೇ ಎಲ್ಲರೂ ಹೋಗುತ್ತಾರೆ.

ಮೊದಲ ದೊಡ್ಡ ಕೇಸಿಗೆ ನಾನು ಯಾವಾಗಲೂ ಹೇಳುವುದು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ. ಅವರು ಸ್ವತಃ ವಕೀಲೆ. ಅವರ ಎರಡು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಇದ್ದಕ್ಕಿದ್ದಂತೆ ತೀರಿಕೊಂಡವು. 1999ರಲ್ಲಿ ಇಬ್ಬರನ್ನೂ ಕೊಂದ ಆರೋಪದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಆಯಿತು. ವಿಚಾರಣೆಯಲ್ಲಿ ಮಕ್ಕಳ ವೈದ್ಯರಾದ ತಜ್ಞ ಸಾಕ್ಷಿಯೊಬ್ಬರು ಒಂದು ಅಂಕಿ ಹೇಳಿದರು. ಅವರಂಥ ಕುಟುಂಬದಲ್ಲಿ ಹೀಗೆ ಎರಡು ಮಕ್ಕಳು ಸಹಜವಾಗಿ ಸಾಯುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು. ಒಂದು ಸಾವಿನ ಸಾಧ್ಯತೆ 8,543ರಲ್ಲಿ ಒಂದು ಅಂತ ಇಟ್ಟುಕೊಂಡು, ಅದನ್ನು ಅದರಿಂದಲೇ ಗುಣಿಸಿ ಬಂದ ಅಂಕಿ ಅದು.

ಇಲ್ಲಿ ನಿಲ್ಲಿಸಿ, ಮೂರು ಹಾಳೆ ಬರೆಸಿ. ಮೆಡಿಕಲ್‌ನವರು ಗುಣಾಕಾರವನ್ನೇ ಪ್ರಶ್ನಿಸಬೇಕು. ಒಂದೇ ತಂದೆ ತಾಯಿ, ಒಂದೇ ಮನೆ. ಮೊದಲ ಸಾವಿಗೆ ಆನುವಂಶಿಕ ಕಾರಣ ಇದ್ದರೆ ಎರಡನೇ ಮಗುವಿಗೂ ಅದೇ ಅಪಾಯ ಇರುತ್ತದೆ. ಎರಡನ್ನೂ ಸಂಬಂಧವೇ ಇಲ್ಲದ ಘಟನೆಗಳು ಅಂತ ಗುಣಿಸುವಂತಿಲ್ಲ. ಸೈಕಾಲಜಿಯವರು ಸಂಖ್ಯಾಶಾಸ್ತ್ರ ಓದಿರುತ್ತಾರೆ, ಇನ್ನೊಂದು ತಪ್ಪು ಅವರ ಕಣ್ಣಿಗೆ ಬೀಳುತ್ತದೆ. ಒಂದು ಘಟನೆ ಅಪರೂಪ ಅಂದ ಮಾತ್ರಕ್ಕೆ ಎದುರಿಗಿರುವವರು ನಿರಪರಾಧಿ ಆಗಿರುವ ಸಾಧ್ಯತೆಯೂ ಅಷ್ಟೇ ಕಡಿಮೆ ಅಂತ ಆಗುವುದಿಲ್ಲ. ತಾಯಿ ಎರಡು ಮಕ್ಕಳನ್ನು ಕೊಲ್ಲುವುದೂ ಅಪರೂಪವೇ. ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕು. ಜೊತೆಗೆ, ಅಷ್ಟು ದೊಡ್ಡ ಅಂಕಿ ಕೇಳಿದ ಜ್ಯೂರಿಯ (ತೀರ್ಪು ಕೊಡಲು ಕೂರಿಸಿದ ಸಾಮಾನ್ಯ ಜನರ) ಮನಸ್ಸಿನಲ್ಲಿ ಬೇರೆ ಯಾವ ಸಾಕ್ಷ್ಯಕ್ಕೆ ಜಾಗ ಉಳಿದೀತು? ಲಾದವರ ಪ್ರಶ್ನೆ: ಮಕ್ಕಳ ವೈದ್ಯರು ಸಂಖ್ಯಾಶಾಸ್ತ್ರದ ಬಗ್ಗೆ ಹೇಳುವಾಗ ಅವರು ತಜ್ಞರೇ? ಪಾಟೀ ಸವಾಲಿನಲ್ಲಿ ಆ ಅಂಕಿಯನ್ನು ಬಿಡಿಸಿ ತೋರಿಸುವುದು ಹೇಗೆ?

ಆಮೇಲೆ ಉಳಿದ ಕಥೆ ಹೇಳಿ. 2001ರಲ್ಲಿ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರ ಇಲ್ಲ ಅಂತ ಬಹಿರಂಗವಾಗಿ ಹೇಳಿತು. ಎರಡನೇ ಮಗುವಿನ ದೇಹದಲ್ಲಿ ಬ್ಯಾಕ್ಟೀರಿಯಾ ಸಿಕ್ಕ ಪರೀಕ್ಷೆಯ ಫಲಿತಾಂಶ ವಿಚಾರಣೆಯ ಹೊತ್ತಿಗೆ ಆರೋಪಿಯ ವಕೀಲರ ಕೈಗೆ ಬಂದೇ ಇರಲಿಲ್ಲ ಅನ್ನುವುದೂ ಹೊರಬಂತು. 2003ರ ಜನವರಿಯಲ್ಲಿ ಅವರ ಬಿಡುಗಡೆ ಆಯಿತು. 2007ರಲ್ಲಿ ತೀರಿಕೊಂಡರು. ಈ ಕೇಸು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಅಂಕಿ ಕೋರ್ಟಿನ ಬಾಗಿಲು ದಾಟುವ ಮೊದಲು ಮೂರು ವಿಭಾಗದ ಮೂವರು ಕೂತು ಒಂದು ಗಂಟೆ ಅದನ್ನು ಬಿಡಿಸಿ ನೋಡಿದ್ದರೆ ಏನಾಗುತ್ತಿತ್ತು?

4. ಪದಗಳ ನೋಟ್‌ಬುಕ್

ಒಂದು ಉದ್ದ ನೋಟ್‌ಬುಕ್ ಇಡಿ. ಪ್ರತಿ ಪುಟದ ಮೇಲೆ ಒಂದು ಪದ, ಕೆಳಗೆ ಮೂರು ಅಂಕಣ. ಯಾವ ಪದಕ್ಕೆ ಜಗಳ ಆಗುತ್ತದೋ ಅದು ಪುಸ್ತಕಕ್ಕೆ ಹೋಗಲಿ. ಎರಡು ಮೂರು ಪುಟ ತೋರಿಸುತ್ತೇನೆ.

"ಹುಚ್ಚು" ಅಥವಾ ಕೋರ್ಟಿನ ಭಾಷೆಯ "ಬುದ್ಧಿವಿಕಲತೆ". ಇಂಗ್ಲೆಂಡಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದಿಂದ ಬಂದ ನಿಯಮ ಹಲವು ದೇಶಗಳ ಕಾನೂನಿಗೆ ಬುನಾದಿ ಆಯಿತು. ಕೃತ್ಯ ಮಾಡುವ ಹೊತ್ತಿನಲ್ಲಿ ಮನಸ್ಸಿನ ಕಾಯಿಲೆಯಿಂದಾಗಿ ತಾನು ಏನು ಮಾಡುತ್ತಿದ್ದೇನೆ ಅಂತಲೋ, ಅದು ತಪ್ಪು ಅಂತಲೋ ತಿಳಿಯದ ಸ್ಥಿತಿ ಇತ್ತೇ ಅನ್ನುವುದು ಅದರ ಪ್ರಶ್ನೆ. ಮನೋರೋಗಗಳ ಪಟ್ಟಿ ಇರುವ ಡಿಎಸ್‌ಎಂ-5ರಲ್ಲಾಗಲಿ ಐಸಿಡಿ-11ರಲ್ಲಾಗಲಿ ಆ ಹೆಸರಿನ ಕಾಯಿಲೆಯೇ ಇಲ್ಲ. ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ವೈದ್ಯರು ಹೇಳಿದರೆ ಕಾನೂನಿನ ಪ್ರಶ್ನೆಗೆ ಉತ್ತರ ಸಿಕ್ಕಂತಲ್ಲ. ಇದು ಗೊತ್ತಾದ ದಿನ ಲಾದವರಿಗೂ ಮೆಡಿಕಲ್‌ನವರಿಗೂ ಒಟ್ಟಿಗೇ ಆಶ್ಚರ್ಯ ಆಗುತ್ತದೆ.

"ಸಾಮರ್ಥ್ಯ". ಚಿಕಿತ್ಸೆಗೆ ಒಪ್ಪುವ ಅಥವಾ ಬೇಡ ಅನ್ನುವ ಸಾಮರ್ಥ್ಯ. 1988ರಲ್ಲಿ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಮನಶ್ಶಾಸ್ತ್ರಜ್ಞ ಥಾಮಸ್ ಗ್ರಿಸ್ಸೊ ಇದನ್ನು ನಾಲ್ಕು ಪ್ರಶ್ನೆಯಾಗಿ ಬಿಡಿಸಿದರು. ಹೇಳಿದ್ದು ಅರ್ಥವಾಯಿತೇ? ಅದು ತನಗೇ ಅನ್ವಯಿಸುತ್ತದೆ ಅಂತ ಮನಸ್ಸಿಗೆ ಬಂತೇ? ಇರುವ ದಾರಿಗಳನ್ನು ತೂಗಿ ನೋಡಬಲ್ಲರೇ? ತಮ್ಮ ಆಯ್ಕೆ ಹೇಳಬಲ್ಲರೇ? ಕಾನೂನಿನ ಪ್ರಶ್ನೆಯನ್ನೇ ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ ಕೂತು ಬಿಡಿಸಿದ್ದು ನೋಡಿ. ಒಂದು ವಿಷಯ ಕೆಂಪು ಶಾಯಿಯಲ್ಲಿ ಬರೆದಿಡಿ: ಸಾಮರ್ಥ್ಯ ಅನ್ನುವುದು ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಹೊತ್ತಿಗೆ ಸಂಬಂಧಿಸಿದ್ದು. ಬೆಳಿಗ್ಗೆ ಜ್ವರದ ತಲೆಯಲ್ಲಿ ಇಲ್ಲದ್ದು ಸಂಜೆ ಇರಬಹುದು. ವೈದ್ಯರು ಹೇಳಿದ್ದಕ್ಕೆ ಬೇಡ ಅಂದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅಂತ ಅಲ್ಲ.

"ಹೊಂದುತ್ತದೆ". ಗಾಯದ ವರದಿಯಲ್ಲಿ ಬರುವ ಸಣ್ಣ ಪದ. ಹೇಳಿದ ಕಥೆಗೆ ಗಾಯ ಹೊಂದುತ್ತದೆ ಅಂತ ವೈದ್ಯರು ಬರೆದರೆ, ಕಥೆ ನಿಜ ಅಂತ ರುಜುವಾತಾಯಿತು ಅಂದುಕೊಳ್ಳುತ್ತಾರೆ ಲಾ ವಿದ್ಯಾರ್ಥಿಗಳು. ಹಾಗಲ್ಲ. ಚಿತ್ರಹಿಂಸೆಯನ್ನು ದಾಖಲಿಸಲು ವಿಶ್ವಸಂಸ್ಥೆಗೆ 1999ರಲ್ಲಿ ಸಲ್ಲಿಕೆಯಾದ ಇಸ್ತಾಂಬುಲ್ ಪ್ರೋಟೋಕಾಲ್ ಇದನ್ನು ಐದು ಮೆಟ್ಟಿಲಾಗಿ ಬಿಡಿಸುತ್ತದೆ. ಹೊಂದುವುದಿಲ್ಲ. ಹೊಂದುತ್ತದೆ, ಆದರೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಚೆನ್ನಾಗಿ ಹೊಂದುತ್ತದೆ, ಬೇರೆ ಕಾರಣಗಳು ಕಡಿಮೆ. ಸಾಮಾನ್ಯವಾಗಿ ಇಂಥದ್ದರಿಂದಲೇ ಬರುವ ಗಾಯ. ಬೇರೆ ಯಾವುದರಿಂದಲೂ ಬರಲು ಸಾಧ್ಯವಿಲ್ಲ. ವೈದ್ಯರು, ವಕೀಲರು, ಮನಶ್ಶಾಸ್ತ್ರಜ್ಞರು ಸೇರಿಯೇ ತಯಾರಿಸಿದ ದಾಖಲೆ ಇದು, 2022ರಲ್ಲಿ ಪರಿಷ್ಕರಣೆ ಆಗಿದೆ. ಒಂದು ಗಾಯದ ವಿವರ ಕೊಟ್ಟು, ಇದು ಎಷ್ಟನೇ ಮೆಟ್ಟಿಲು ಅಂತ ಮೂರು ವಿಭಾಗದವರನ್ನೂ ಕೇಳಿ. ಚರ್ಚೆ ತಾನಾಗೇ ಹುಟ್ಟುತ್ತದೆ.

ಇನ್ನು ಆ "ಸಹಕರಿಸುತ್ತಿಲ್ಲ". ನಮ್ಮ ಗುಂಪು ಅವತ್ತು ಕೊನೆಗೆ ಅದನ್ನು ಅಳಿಸಿ ಹೀಗೆ ಬರೆಯಿತು: "ನಾಳಿನ ಆಪರೇಷನ್ನಿಗೆ ಬೇಡ ಅಂದರು. ಅಣ್ಣ ಆಪರೇಷನ್ ಟೇಬಲ್ ಮೇಲೇ ಹೋದರು ಎಂದರು. ಅಪಾಯ ಏನೆಂದು ತಮ್ಮ ಮಾತಲ್ಲೇ ಹೇಳಿ ತೋರಿಸಿದರು. ಸಂಜೆ ಮಗಳು ಬಂದ ಮೇಲೆ ಮತ್ತೆ ಮಾತಾಡೋಣ ಎಂದರು." ಒಂದು ಸಾಲು ನಾಲ್ಕಾಯಿತು. ಮುಂದೆ ಆ ಶೀಟ್ ಓದುವ ವೈದ್ಯರಿಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. ನಾಳೆ ವಕೀಲರು ಓದಿದರೂ ಒಪ್ಪಿಗೆ ಕೇಳಿದ್ದು ಹೇಗೆ ಅಂತ ಕಾಣುತ್ತದೆ.

5. ಪ್ರಶ್ನೆ ಕೇಳುವ ಅಭ್ಯಾಸ

ಮೂರು ವೃತ್ತಿಗೂ ಪ್ರಶ್ನೆಯೇ ಮುಖ್ಯ ಉಪಕರಣ. ಆದರೆ ಕೇಳುವ ರೀತಿ ಬೇರೆ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಒಂದು ತುಣುಕು ತೋರಿಸಿ 150 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. 50 ಜನರಿಗೆ ಕಾರುಗಳು "ಅಪ್ಪಳಿಸಿದಾಗ" ಎಷ್ಟು ವೇಗ ಇತ್ತು ಅಂತ ಕೇಳಿದರು, ಇನ್ನು 50 ಜನರಿಗೆ "ಗುದ್ದಿದಾಗ" ಅಂತ. ಉಳಿದವರನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರು. ಮೊದಲ ಗುಂಪಿನಲ್ಲಿ 16 ಜನ ಹೌದು ಅಂದರು, ಎರಡನೆಯದರಲ್ಲಿ 7, ಕೇಳದೇ ಬಿಟ್ಟವರಲ್ಲಿ 6. ತುಣುಕಿನಲ್ಲಿ ಒಡೆದ ಗಾಜು ಇರಲೇ ಇಲ್ಲ.

ಅಭ್ಯಾಸ ಹೀಗೆ ಮಾಡಿ. ಗುಂಪಿನ ಒಬ್ಬರಿಗೆ ಒಂದು ಕಥೆ ಬರೆದು ಕೊಡಿ. ಮೂರು ವಿಭಾಗದವರು ಸರದಿಯಲ್ಲಿ 7 ನಿಮಿಷ ಪ್ರಶ್ನೆ ಕೇಳಲಿ, ಉಳಿದೆರಡು ವಿಭಾಗದವರು ಹೊರಗಿರಲಿ. ಮೂರು ಸಲ ಸಿಕ್ಕ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಕಥೆ ಹೇಳಿದವರನ್ನೇ ಕೇಳಿ: ಎಲ್ಲಿ ಬಾಯಿ ಬಿಡಲು ಧೈರ್ಯ ಬಂತು, ಎಲ್ಲಿ ಗಂಟಲು ಕಟ್ಟಿತು? ನನ್ನ ಗುಂಪಿನಲ್ಲಿ ಇದರಿಂದ ಕಲಿತ ಒಂದು ಪಾಠ ಇವತ್ತಿಗೂ ನೆನಪಿದೆ. ಮೂರನೇ ಸಲ ಹೇಳುವಾಗ ಕಥೆ ಹೇಳುತ್ತಿದ್ದವಳ ದನಿಯೇ ಸೋತಿತ್ತು. ಬರೆದು ಕೊಟ್ಟ ಕಥೆಗೇ ಹೀಗಾದರೆ, ನಿಜವಾಗಿ ಏಟು ತಿಂದವರು ಪೊಲೀಸರಿಗೆ ಒಮ್ಮೆ, ಡಾಕ್ಟರಿಗೆ ಒಮ್ಮೆ, ವಕೀಲರಿಗೆ ಒಮ್ಮೆ, ಕೌನ್ಸೆಲರ್‌ಗೆ ಒಮ್ಮೆ ಹೇಳುವಾಗ ಏನಾಗಬೇಡ?

ಒಂದೆರಡು ತಿಂಗಳಾದ ಮೇಲೆ ಅಣಕು ಕೋರ್ಟ್ ಇಡಿ. ಮೆಡಿಕಲ್ ಅಥವಾ ಸೈಕಾಲಜಿ ವಿದ್ಯಾರ್ಥಿ ತಜ್ಞ ಸಾಕ್ಷಿ, ಲಾದವರು ಪಾಟೀ ಸವಾಲು. "ಗೊತ್ತಿಲ್ಲ", "ಅದು ನನ್ನ ವಿಷಯ ಅಲ್ಲ" ಅನ್ನುವ ಎರಡು ಉತ್ತರಗಳನ್ನು ಧೈರ್ಯವಾಗಿ ಹೇಳಲು ಬಂದರೆ ಸಾಕ್ಷಿಯಾದವರು ಅರ್ಧ ಗೆದ್ದಂತೆ. ಲಾದವರಿಗೆ ಒಂದು ನಿಬಂಧನೆ: ಸಾಕ್ಷಿಯನ್ನು ಸೋಲಿಸಲು ಮಾತ್ರ ಕೇಳಬೇಡಿ, ವರದಿಯಲ್ಲಿ ಯಾವ ಸಾಲು ದುರ್ಬಲ ಅಂತ ಕೊನೆಗೆ ಬರೆದು ಕೊಡಿ.

6. ನಿಜವಾದ ಜನರ ಹತ್ತಿರ ಹೋಗುವಾಗ

ಇದು ಕೊನೆಯ ಹೆಜ್ಜೆ. ಅವಸರ ಬೇಡ. ಶಿಕ್ಷಕರ ಉಸ್ತುವಾರಿ, ಸಂಸ್ಥೆಯ ಅನುಮತಿ, ಆ ವ್ಯಕ್ತಿಯ ಒಪ್ಪಿಗೆ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹೋಗಬೇಡಿ.

ಏನು ಸಾಧ್ಯ ಅನ್ನುವುದಕ್ಕೆ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯ ಕೆಲಸ ನೋಡಿ. 1993ರಲ್ಲಿ ಮಕ್ಕಳ ವೈದ್ಯ ಬ್ಯಾರಿ ಝುಕರ್‌ಮನ್ ಅಲ್ಲಿ ತಮ್ಮ ತಂಡಕ್ಕೆ ವಕೀಲರನ್ನು ಸೇರಿಸಿಕೊಂಡರು. ಅಸ್ತಮಾ ಇರುವ ಮಗುವಿಗೆ ಔಷಧಿ ಕೊಟ್ಟು ಕಳಿಸಿದರೆ ಅದು ಬೂಷ್ಟು ಹಿಡಿದ ಗೋಡೆಯ ಮನೆಗೇ ವಾಪಸ್ ಹೋಗುತ್ತದೆ, ಮತ್ತೆ ಉಸಿರು ಕಟ್ಟಿಸಿಕೊಂಡು ಬರುತ್ತದೆ. ಮನೆ ಮಾಲೀಕರು ಗೋಡೆ ಸರಿ ಮಾಡಿಸುವಂತೆ ಮಾಡಲು ವೈದ್ಯರ ಚೀಟಿ ಸಾಲದು, ಕಾನೂನು ಬೇಕು. ಆಸ್ಪತ್ರೆಯಲ್ಲೇ ವಕೀಲರು ಕೂರುವ ಈ ಪದ್ಧತಿ ಆಮೇಲೆ ಬೇರೆ ಕಡೆಗೂ ಹರಡಿತು.

ವಿದ್ಯಾರ್ಥಿಗಳ ಕೆಲಸ ಇದರಲ್ಲಿ ಸಣ್ಣದು, ಆದರೆ ಬೆಲೆಯುಳ್ಳದ್ದು. ಒಟ್ಟಿಗೆ ಕೂತು ಒಂದೇ ಸಲ ಕಥೆ ಕೇಳುವುದು, ಎಚ್ಚರದಿಂದ ಬರೆದುಕೊಳ್ಳುವುದು, ಸರಿಯಾದವರ ಹತ್ತಿರ ಕಳಿಸುವುದು. ಆದರೆ ಮೊದಲೇ ಹೇಳಿದೆನಲ್ಲ, ವಕೀಲರ ಗುಟ್ಟಿಗೆ ಧಕ್ಕೆ ಬರುವ ಮಾತು ಇದ್ದರೆ ಆ ಭಾಗ ಬೇರೆಯಾಗಿ ಕೇಳಬೇಕು. ಎಲ್ಲಿ ಒಟ್ಟಿಗೆ, ಎಲ್ಲಿ ಬೇರೆ ಅಂತ ಶಿಕ್ಷಕರ ಜೊತೆ ಮೊದಲೇ ತೀರ್ಮಾನಿಸಿಕೊಳ್ಳಿ. ಕಾನೂನು ಸಲಹೆ ಕೊಡಬೇಡಿ, ಕಾಯಿಲೆಯ ಹೆಸರು ಹೇಳಬೇಡಿ, "ನಾನು ನೋಡಿಕೊಳ್ತೀನಿ" ಅಂತ ಮಾತು ಕೊಡಬೇಡಿ. ನಿಮ್ಮ ಫೋನಿನಲ್ಲಿ ಅವರ ಫೋಟೋ, ದಾಖಲೆ ಇರಬಾರದು.

ಇಂಥ ಕೇಸುಗಳು ಮನಸ್ಸಿಗೆ ಹತ್ತುತ್ತವೆ. ಪ್ರತಿ ಸಭೆಯ ಕೊನೆಯ 10 ನಿಮಿಷ ಅದಕ್ಕೆ ಮೀಸಲಿಡಿ. ಯಾವುದು ಇನ್ನೂ ಕಾಡುತ್ತಿದೆ ಅಂತ ಹೇಳಬೇಕು ಅನಿಸಿದವರು ಹೇಳಲಿ, ಬೇಡ ಅಂದವರನ್ನು ಬಿಟ್ಟುಬಿಡಿ. ಸೈಕಾಲಜಿಯವರು ಗೆಳೆಯರಿಗೆ ಚಿಕಿತ್ಸೆ ಕೊಡಲು ಹೋಗಬಾರದು. ಯಾರಿಗಾದರೂ ನಿದ್ದೆ ಕೆಟ್ಟರೆ, ತಮ್ಮದೇ ಹಳೆಯ ನೋವು ಎದ್ದರೆ, ಹೊರಗಿನ ಕೌನ್ಸೆಲರ್ ಹತ್ತಿರ ಹೋಗಲಿ. ಆ ದಾರಿ ಎಲ್ಲಿದೆ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಿರಲಿ.

ಕೊನೆಯ ವರ್ಷ ಬಂದಾಗ ಗುಂಪು ಚದುರುತ್ತದೆ. ಅದಕ್ಕೆ ಒಂದು ಸೆಮಿಸ್ಟರ್ ಮುಂಚೆಯೇ ಪ್ರತಿ ವಿಭಾಗದಿಂದ ಒಬ್ಬ ಜೂನಿಯರ್‌ನನ್ನು ಸೇರಿಸಿಕೊಳ್ಳಿ. ಒಪ್ಪಂದದ ಪುಟ, ನೀವು ಕಟ್ಟಿದ ಕೇಸುಗಳು, ಪದಗಳ ನೋಟ್‌ಬುಕ್, ಈ ಮೂರನ್ನು ಅವರ ಕೈಗೆ ಕೊಡಿ. ನೋಟ್‌ಬುಕ್ಕಿನ ಕೆಲವು ಪುಟಗಳಲ್ಲಿ ಒಂದು ಅಂಕಣ ಖಾಲಿಯೇ ಉಳಿದಿರುತ್ತದೆ. ಅದನ್ನು ಸುಮ್ನೆ ತುಂಬಿಸಿ ಕೊಡಬೇಡಿ. ಅವರ ಮೊದಲ ಸಭೆ ಅಲ್ಲಿಂದಲೇ ಶುರುವಾಗಲಿ.